ಕಾಕಾನ ಚಿತ್ರ, ನನ್ನ ಕೌದಿ

ಗೆಳೆಯರೇ, ನಾಳೆ ಹಾಸ್ಟೆಲಿಗೆ ಒಯ್ಯಬೇಕಾದ ನನ್ನ ಒಂದೇ ಒಂದು ಕೌದಿಯ ಮೇಲೆ ಇಂದು ನಮ್ಮ ಕಾಕಾ ಚಿತ್ರ ಬರೆದುಬಿಟ್ಟರು. ಮಹಾಯುದ್ಧದಿಂದಾಗಿ ಕೊಪ್ಪಳದ ಪೇಟೆಯಲ್ಲಿ ಚಿತ್ರ ಬರೆಯಲು ಬಟ್ಟೆಯೇ ಇಲ್ಲ. ಕಾಕಾನಿಗೆ ಕಾಗದ ಒಗ್ಗುವುದಿಲ್ಲ. ಹೋದ ವಾರ ಎತ್ತಿನ ಬೆನ್ನಿಗೆ ಹೊದಿಸುವ ಝೂಲ ಅವರ ಬಣ್ಣಕ್ಕೆ ಹಾಳಾಗಿತ್ತು. ಈಗ ಕೌದಿಯ ತುಂಬ ನೀಲಿ ಗೀಟು, ಕಪ್ಪು ಮುದ್ದೆ, ನಡುವೆ ಅಂಗೈಯಷ್ಟು ಖಾಲಿ.

"ವಾರ್ಡನ್ ಕೇಳಿದ್ರ ಏನ್ ಹೇಳ್ಲಿ ಕಾಕಾ?"

"ಅಬ್‌ಸ್ಟ್ರ್ಯಾಕ್ಟ್ ಚಿತ್ರ ಅನ್ನು. ಆ ಖಾಲಿ ಜಾಗಾನ ಇದರ ಜೀವ, ತಿಳೀತಿಲ್ಲೋ?"

ಅಷ್ಟರಲ್ಲಿ ಅಜ್ಜಿ ಬಂದಳು. "ಇಷ್ಟೆಲ್ಲಾ ಬಳದು ಇದೊಂದೀಟು ಬಿಟ್ಟೀಯಲ್ಲೋ, ಮೈಗಳ್ಳ!" ಎಂದವಳೇ ಆ ಜೀವದ ಮೇಲೆ ಕೆಂಪು ಸೀರೆಯ ತುಂಡೊಂದನ್ನು ಹೊಲಿದುಬಿಟ್ಟಳು.

ಕಾಕಾ ಸಿಟ್ಟಿನಿಂದ ಊಟ ಬಿಟ್ಟು, ತಮ್ಮ ಕಂಬಳಿ ಹೊದ್ದು ಮಲಗಿದ್ದಾರೆ. ಹೋಗಿ ನೋಡಿಬಂದೆ, ಆ ಕಂಬಳಿಯ ಮೇಲೆ ಒಂದು ಚುಕ್ಕೆ ಬಣ್ಣವಿಲ್ಲ.