ಹೋದ ಹೆಜ್ಜೆ, ಬಂದ ಹೆಜ್ಜೆ

ಬೆಳಗಿನ ಏಳು ಗಂಟೆ. ಸ್ಟಿಲ್‌ಮನ್ ನದಿಯ ಮೂರನೇ ಮೈಲಿ ಇಳಿದಾಣದಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಅರವತ್ತಾರು ವರ್ಷದ ಅರ್ಲಿಸ್ ಹಾಗನ್ ದಡದ ಹಿಮದ ಮೇಲೆ ಮೊಣಕಾಲೂರಿ ಕೂತಿದ್ದಾರೆ. ಹಣೆಗೆ ಕಟ್ಟಿದ ದೀಪ, ಎಡಗೈಯಲ್ಲೊಂದು ಬಿಳಿ ಸಾಸರು. ತೋರುಬೆರಳನ್ನು ನಾಲಿಗೆಗೆ ತಾಗಿಸಿ, ಹಿಮದ ಮೇಲಿನ ಒಂದು ಕಪ್ಪು ಚುಕ್ಕೆಯನ್ನು ಅದರ ತುದಿಗೆ ಅಂಟಿಸಿಕೊಂಡು ಸಾಸರಿಗೆ ಇಳಿಸುತ್ತಾರೆ. ಚುಕ್ಕೆಗೆ ಕಾಲುಗಳಿವೆ. ಅದು ಸಾಸರಿನ ಅಂಚಿನವರೆಗೆ ನಡೆದು ನಿಲ್ಲುತ್ತದೆ.

“ಇವತ್ತು ಕಪ್ಪು. ನಿನ್ನೆ ಕೆನೆಬಣ್ಣದ್ದು ಎದ್ದಿತ್ತು,” ಎಂದು, ಅವರ ಒಂದು ದಿನವನ್ನು ನೋಡಲು ಬಂದ ನನಗೆ ಹೇಳುತ್ತಾರೆ. “ಮೀನಿಗೆ ನಿನ್ನೆಯ ಅಡುಗೆ ಬಡಿಸಿದ್ರೆ ಮೂಸೂ ನೋಡಲ್ಲ.”

ಅದು ನೀರಿನ ಗುಂಗುರು. ಚಳಿಗಾಲದಲ್ಲಿ ಈ ನದಿಯ ಟ್ರೌಟ್ ಮೀನಿಗೆ ಇದನ್ನು ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಮೇಲಿನ ಅಣೆಕಟ್ಟು ತಳದ ಹೆಪ್ಪುಗಟ್ಟದ ನೀರನ್ನು ಬಿಡುವುದರಿಂದ, ಅಮೆರಿಕದ ಮೊಂಟಾನಾದ ಬೇರೆಲ್ಲ ಹೊಳೆಗಳು ಕಲ್ಲಾದರೂ ಸ್ಟಿಲ್‌ಮನ್ ನಡುವಿನಲ್ಲಿ ಕಪ್ಪಗೆ ಹರಿಯುತ್ತಲೇ ಇರುತ್ತದೆ. ಎರಡು ದಡಗಳಿಗೆ ಮಾತ್ರ ಮಂಜುಗಡ್ಡೆಯ ಚಪ್ಪಡಿ ಅಂಟಿಕೊಂಡಿರುತ್ತದೆ. ಆ ಚಪ್ಪಡಿಯ ಅಂಚಿನಿಂದ ಗಾಳದವರು ನೀರಿಗೆ ಇಳಿಯುತ್ತಾರೆ. ಅವರ ದಾರದ ತುದಿಯಲ್ಲಿ ಇರುವುದು ಅರ್ಲಿಸ್ ಕಟ್ಟಿದ ನಕಲಿ ಗುಂಗುರು.

ನೊಣ ಕಟ್ಟುವುದು ಎಂದೇ ಇಲ್ಲಿ ಈ ಕೆಲಸದ ಹೆಸರು. ಅರ್ಲಿಸ್ ಅದನ್ನು ಕಟ್ಟುವುದು ಹಳೇ ಪಿಕಪ್ ಗಾಡಿಯೊಳಗೆ. ಸ್ಟೀರಿಂಗ್ ಚಕ್ರಕ್ಕೆ, ಕಚ್ಚಿ ಹಿಡಿಯುವ ಪುಟ್ಟ ವೈಸ್ ಒಂದನ್ನು ಬಿಗಿದಿದ್ದಾರೆ. ಅದರ ಬಾಯಿಗೆ ಎಳ್ಳಿನಷ್ಟು ಕೊಕ್ಕೆ ಸಿಕ್ಕಿಸಿ, ಕೂದಲಿಗಿಂತ ಸಣ್ಣ ಕಪ್ಪು ದಾರವನ್ನು ಒತ್ತೊತ್ತಾಗಿ ಸುತ್ತುತ್ತಾರೆ. ಮೇಲೆ ತಾಮ್ರದ ಎಳೆ ಐದು ಸುತ್ತು, ಕತ್ತಿನ ಬಳಿ ಬೂದು ಗರಿಯ ಒಂದೇ ಒಂದು ತುಣುಕು, ಕೊನೆಗೆ ಗಂಟು. ಒಂದಕ್ಕೆ ನಾಲ್ಕು ನಿಮಿಷ, ದಿನಕ್ಕೆ ಅರವತ್ತು. ಸಂಜೆ ಊರಿನ ಗಾಳದ ಅಂಗಡಿಗೆ ಕೊಟ್ಟು ಮನೆಗೆ ಹೋಗುತ್ತಾರೆ. ಚಳಿಗೆ ಬಿರಿದ ಬೆರಳಿಗೆ ದಾರ ಸಿಕ್ಕಿಕೊಂಡು ಎಳೆ ಬಿಡುತ್ತದೆ ಎಂದು, ಮಲಗುವ ಮುನ್ನ ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮು ಸವರಿ ಹತ್ತಿಯ ಕೈಗವಸು ತೊಡುತ್ತಾರೆ.

ಇಷ್ಟನ್ನು ಮನೆಯ ಬೆಚ್ಚನೆಯ ಮೇಜಿನ ಮೇಲೂ ಮಾಡಬಹುದು. ಅರ್ಲಿಸ್ ಮಾಡುವುದಿಲ್ಲ. ಯಾಕೆಂದರೆ ಅವರ ನಿಜವಾದ ಕೆಲಸ ಬೇರೆ. ಅದನ್ನು ಅವರಿಗೆ ಯಾರೂ ಕೊಟ್ಟಿಲ್ಲ, ಅದಕ್ಕೆ ಸಂಬಳವೂ ಇಲ್ಲ.

ಮೊದಲ ಗಾಡಿ ಬಂದು ನಿಲ್ಲುತ್ತದೆ. ಇಳಿಯುವವರು ಬಡ್ ಕ್ರಾಮರ್. ಗಾಳದವರನ್ನು ನದಿಗೆ ಕರೆದೊಯ್ಯುವ ಎಪ್ಪತ್ತರ ಹತ್ತಿರದ ಗೈಡು, ಈ ನದಿಯ ಪ್ರತಿ ಗುಂಡಿಯನ್ನೂ ಬಲ್ಲವರು. ಎದೆಮಟ್ಟದ ರಬ್ಬರ್ ಉಡುಪಿನಲ್ಲಿ ಕುಂಟುತ್ತ ಬಂದು, ಅರ್ಲಿಸ್ ಮುಂದೆ ಬೆನ್ನು ತಿರುಗಿಸಿ ಒಂದು ಕಾಲನ್ನು ಕುದುರೆಯಂತೆ ಹಿಂದಕ್ಕೆ ಎತ್ತುತ್ತಾರೆ.

“ಲಾಳ ನೋಡಮ್ಮ ಇನ್ಸ್‌ಪೆಕ್ಟ್ರೇ. ಸವೆದಿದ್ರೆ ಬದಲಾಯಿಸ್ಬಿಡು. ಹಲ್ಲನ್ನೂ ನೋಡ್ತೀಯೇನು?”

“ನಿನ್ನ ಹಲ್ಲು ಮನೇಲಿ ಲೋಟದಲ್ಲಿರುತ್ತೆ ಅಂತ ಗೊತ್ತು. ಇನ್ನೊಂದು ಕಾಲೆತ್ತು.”

ಅರ್ಲಿಸ್ ಬೂಟಿನ ಅಟ್ಟೆಯ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಅಂಚಿನುದ್ದಕ್ಕೂ ಗಟ್ಟಿ ಉಕ್ಕಿನ ಪುಟ್ಟ ಸ್ಕ್ರೂ ಮೊಳೆಗಳ ತಲೆಗಳು ಎದ್ದು ನಿಂತಿವೆ. ಒಂದು ಅಟ್ಟೆಗೆ ಹದಿನಾಲ್ಕು. ಎಲ್ಲ ಇವೆ. “ಹೋಗು,” ಎನ್ನುತ್ತಾರೆ.

ಕಲ್ಲಿನ ಮೇಲೆ ಜಾರದಿರಲು ಗಾಳದವರು ಅಟ್ಟೆಗೆ ಫೆಲ್ಟ್, ಅಂದರೆ ದಪ್ಪ ಉಣ್ಣೆಯಂಥ ಬಟ್ಟೆ, ಅಂಟಿಸಿಕೊಳ್ಳುತ್ತಾರೆ. ಪಾಚಿಗಟ್ಟಿದ ಕಲ್ಲಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಬೇಸಿಗೆಯಲ್ಲಿ ಈ ನದಿಯವರೆಲ್ಲ ಅದನ್ನೇ ಹಾಕುತ್ತಾರೆ. ಆದರೆ ಒದ್ದೆ ಫೆಲ್ಟಿಗೆ ಹಿಮ ಅಂಟುತ್ತದೆ. ಹತ್ತು ಹೆಜ್ಜೆಗೆ ಒಂದು ಪದರ, ಮೂವತ್ತು ಹೆಜ್ಜೆಗೆ ಒಂದು ಉಂಡೆ. ಮಂಜುಗಡ್ಡೆಯ ಚಪ್ಪಡಿಯ ಅಂಚಿಗೆ ಬರುವಷ್ಟರಲ್ಲಿ ಮನುಷ್ಯ ಎರಡು ಗುಂಡುಗಳ ಮೇಲೆ ನಿಂತಿರುತ್ತಾನೆ. ಮೊಳೆಯಿದ್ದರೆ ಅದು ಗಡ್ಡೆಯನ್ನು ಕಚ್ಚುತ್ತದೆ, ಕೋಲಿನಿಂದ ತಟ್ಟಿದರೆ ಅಂಟಿದ ಹಿಮ ಒಡೆದು ಬೀಳುತ್ತದೆ. ಇದು ಇಲ್ಲಿ ಎಲ್ಲರಿಗೂ ಗೊತ್ತು. ಗಾಡಿ ನಿಲ್ಲಿಸುವ ಜಾಗದಿಂದ ನೀರಿಗೆ ಅರವತ್ತೇ ಹೆಜ್ಜೆಯಲ್ಲವೇ ಎಂದು ಎಲ್ಲರೂ ಮರೆಯುತ್ತಾರೆ.

ಹನ್ನೊಂದು ಚಳಿಗಾಲದ ಹಿಂದೆ ಅರ್ಲಿಸ್‌ರ ಗಂಡ ಲಾಯ್ಡ್ ಕೂಡ ಮರೆತರು. ಅವರೂ ಗೈಡು. ಆ ವರ್ಷ ಹೊಸ ಮರದ ದೋಣಿ ಕೊಂಡಿದ್ದರು. ಅದರ ತಳಕ್ಕೆ ಮೂರು ಬಾರಿ ಬಣ್ಣ ಕೊಟ್ಟು ಕನ್ನಡಿಯಂತೆ ಮಾಡಿದ್ದರು. ಬೂಟಿನ ಮೊಳೆ ತಾಗಿ ಗೀರು ಬೀಳಬಾರದು, ಮೊಳೆ ಕಿತ್ತು ಫೆಲ್ಟ್ ಹಾಕಿಕೊಡು ಎಂದು ಹೆಂಡತಿಗೆ ಹೇಳಿದರು. ಅಕ್ಟೋಬರಿನ ಒಂದು ಮಧ್ಯಾಹ್ನ ಅರ್ಲಿಸ್ ಅಡುಗೆಮನೆಯಲ್ಲಿ ಕೂತು ಇಪ್ಪತ್ತೆಂಟು ಮೊಳೆ ಬಿಚ್ಚಿ, ಕೆಮ್ಮಿನ ಮಾತ್ರೆಯ ಖಾಲಿ ತಗಡಿನ ಡಬ್ಬಿಗೆ ಹಾಕಿದರು. ಫೆಬ್ರವರಿಯಲ್ಲಿ ಒಂದು ದಿನ ದೋಣಿ ಇಳಿಸಲಾಗದಷ್ಟು ಗಡ್ಡೆ ಕಟ್ಟಿತು. ಲಾಯ್ಡ್ ಗಾಳದ ಕೋಲು ಹಿಡಿದು ನಡೆದೇ ಹೋದರು, ಅದೇ ಬೂಟಿನಲ್ಲಿ.

“ಕತ್ತಲಾದ್ರೂ ಬರಲಿಲ್ಲ ಅಂತ ನಾನೇ ಬಂದೆ. ಗಾಡಿ ಇತ್ತು. ಹೆಜ್ಜೆ ಇತ್ತು,” ಎನ್ನುತ್ತಾರೆ ಅರ್ಲಿಸ್, ದಾರ ಸುತ್ತುವುದನ್ನು ನಿಲ್ಲಿಸದೆ. “ಮೊದಮೊದಲು ಇಡೀ ಪಾದ. ಆಮೇಲಾಮೇಲೆ ಸಣ್ಣದಾಗ್ತಾ ಬಂತು. ಕೊನೇ ಏಳು ಹೆಜ್ಜೆ ಹೆಜ್ಜೆ ಥರಾನೇ ಇರಲಿಲ್ಲ. ಲೋಟ ಬೋರಲು ಹಾಕಿ ಎತ್ತಿದ್ರೆ ಗುರುತು ಬೀಳುತ್ತಲ್ಲ, ಹಂಗೆ. ಅಲ್ಲಿಂದಾಚೆ ಗಡ್ಡೆ ಮುರಿದಿತ್ತು. ವಾಪಸ್ ಬಂದಿದ್ದು ಒಂದೂ ಇರಲಿಲ್ಲ.”

ನಾಲ್ಕನೇ ದಿನ ಕೆಳಗಿನ ತಿರುವಿನಲ್ಲಿ, ಚಪ್ಪಡಿಯ ಅಡಿಯಲ್ಲಿ ಸಿಕ್ಕರು.

“ಹಿಡಿದ ಮೀನನ್ನ ಮತ್ತೆ ನೀರಿಗೇ ಬಿಡ್ತಿದ್ದ. ಬಿಡೋ ಮೀನಿಗೋಸ್ಕರ ಹೋದ. ಅವನು ಹೇಳ್ದ ಅಂತ ನಾನು ಮೊಳೆ ಬಿಚ್ಚಿದೆ, ಸರಿ. ಆದ್ರೆ ಸ್ಕ್ರೂಡ್ರೈವರ್ ಹಿಡಿದಿದ್ದ ಕೈ ನಂದು.”

ಆ ಡಬ್ಬಿ ಅಂದಿನಿಂದ ಅವರ ಕೋಟಿನ ಒಳಜೇಬಿನಲ್ಲಿದೆ. ನಡೆದಾಗ ಗಲಗಲ ಎನ್ನುತ್ತದೆ.

ಅದರ ಮುಂದಿನ ಚಳಿಗಾಲದಿಂದ ಅರ್ಲಿಸ್ ನವೆಂಬರಿನಿಂದ ಮಾರ್ಚಿನವರೆಗೆ ದಿನವೂ ಇಲ್ಲಿದ್ದಾರೆ. ನೀರಿಗೆ ಇಳಿಯುವ ಪ್ರತಿಯೊಬ್ಬರ ಅಟ್ಟೆ ನೋಡುತ್ತಾರೆ. ಮೊಳೆಯಿಲ್ಲದವರನ್ನು ಗಾಡಿಯ ಹಿಂಬಾಗಿಲ ಮೇಲೆ ಕೂರಿಸಿ ತಾವೇ ಮೊಳೆ ಹಾಕಿಕೊಡುತ್ತಾರೆ. ಮೊಳೆಗೆ ಕಾಸಿಲ್ಲ. ಸುಮ್ಮನೆ ಕೂತವರಿಗೆ ಆ ದಿನದ ಬಣ್ಣದ ಒಂದು ನೊಣ ಉಚಿತ. ಸಂಜೆ ಎಲ್ಲರೂ ಮೇಲೆ ಬರುವವರೆಗೆ ಗಾಡಿ ತೆಗೆಯುವುದಿಲ್ಲ. ಕೆಲವರು ಬೈಯುತ್ತಾರೆ, ಕೆಲವರು ಕಾರಿನ ಕಿಟಕಿ ಏರಿಸಿಕೊಳ್ಳುತ್ತಾರೆ. ಒಬ್ಬಾಕೆ ತನ್ನ ಗಂಡನ ಕಾಲು ಮುಟ್ಟಿದ್ದಕ್ಕೆ ಜಗಳಕ್ಕೇ ಬಂದಿದ್ದಳಂತೆ.

ಹೋದ ವರ್ಷ ಜನವರಿಯಲ್ಲಿ ಜ್ವರ ಬಂದು ಒಂದೇ ಒಂದು ದಿನ ಬರಲಾಗಲಿಲ್ಲ. ಆ ದಿನ ಪಕ್ಕದ ಊರಿನ ಶಾಲೆಯ ಮೇಷ್ಟ್ರೊಬ್ಬರು, ಮೂವತ್ತೊಂಬತ್ತು ವರ್ಷದವರು, ಇಲ್ಲೇ ಜಾರಿ ನೀರುಪಾಲಾದರು. ಫೆಲ್ಟ್ ಅಟ್ಟೆ. ಅವರ ಟೋಪಿಗೆ ಚುಚ್ಚಿಕೊಂಡಿದ್ದ ನೊಣ ಅರ್ಲಿಸ್ ಕಟ್ಟಿದ್ದು. ಇದನ್ನು ಯಾರು ಕಟ್ಟಿದರು ಎಂದು ಮೇಷ್ಟ್ರ ಹೆಂಡತಿ ಅಂಗಡಿಯ ವಿಳಾಸಕ್ಕೆ ಪತ್ರ ಬರೆದಿದ್ದರು. ಆ ಪತ್ರ ಗಾಡಿಯೊಳಗೆ, ಬಿಸಿಲು ತಡೆಯುವ ಮಡಿಕೆ ಹಲಗೆಗೆ ಸಿಕ್ಕಿಸಿಕೊಂಡಿದೆ. ಉತ್ತರ ಬರೆದಿಲ್ಲ. “ಏನಂತ ಬರೀಲಿ?” ಎನ್ನುತ್ತಾರೆ. ಅದಾದ ಮೇಲೆ ಒಂದು ದಿನವೂ ತಪ್ಪಿಸಿಲ್ಲ.

ಎಂಟೂವರೆಗೆ ಪಕ್ಕದ ರಾಜ್ಯದ ನಂಬರಿನ ಬಿಳಿ ಕಾರೊಂದು ಬರುತ್ತದೆ. ಮೂವತ್ತರ ಆಸುಪಾಸಿನ ಬೂದು ಟೋಪಿಯವನೊಬ್ಬ ಇಳಿದು, ಅರ್ಲಿಸ್ ಹತ್ತಿರ ಬರುವುದನ್ನು ಕಂಡು ಕೈ ಅಡ್ಡ ಹಿಡಿಯುತ್ತಾನೆ.

“ನಂಗೇನೂ ಬೇಡ ಮೇಡಂ.”

“ನಾನೂ ಏನೂ ಮಾರ್ತಾ ಇಲ್ಲ ಮರಿ. ಕಾಲೆತ್ತು.”

“ಏನು?”

“ಎತ್ತಪ್ಪ, ಎತ್ತು,” ಎಂದು, ಗಿರಾಕಿಗೆ ಕಾಯುತ್ತ ತಮ್ಮ ಗಾಡಿಯ ಬಳಿ ನಿಂತಿದ್ದ ಬಡ್ ಅಲ್ಲಿಂದಲೇ ಕೂಗುತ್ತಾರೆ. “ಎತ್ತದೆ ಇದ್ರೆ ಸಂಜೆವರೆಗೂ ಹಿಂದೆ ಬರ್ತಾಳೆ. ನಾನು ಕಟ್ಕೊಂಡೋಳೂ ನನ್ನ ಹಿಂದೆ ಇಷ್ಟು ಬಿದ್ದಿರ್ಲಿಲ್ಲ.”

ಅವನು ಎತ್ತುತ್ತಾನೆ. ಬೆಳ್ಳಗಿನ ಹೊಸ ಫೆಲ್ಟ್.

“ಕಲ್ಲಿನ ಮೇಲೆ ಇದಕ್ಕಿಂತ ಹಿಡಿತ ಬೇರೆ ಇಲ್ಲ ಅಂದ ಅಂಗಡಿಯೋನು.”

“ಸರಿಯಾಗೇ ಹೇಳಿದಾನೆ. ಕಲ್ಲು ಸಿಗೋಕೆ ಮುಂಚೆ ಹಿಮ ಸಿಗುತ್ತೆ. ಬಾ, ಕೂತ್ಕೊ.”

ಅರ್ಲಿಸ್ ಮೊಳೆಯ ಪೊಟ್ಟಣ ಬಿಚ್ಚುತ್ತಾರೆ. ಮೂರು ಮೊಳೆ ಉಳಿದಿವೆ. ಶನಿವಾರದ ಜನಸಂದಣಿಗೆ ಎಲ್ಲ ಮುಗಿದಿತ್ತು, ತರಿಸಿದ ಪಾರ್ಸೆಲ್ ಹಿಮ ಬಿದ್ದು ಮುಚ್ಚಿದ ಕಣಿವೆ ರಸ್ತೆಯಾಚೆ ಮೂರು ದಿನದಿಂದ ನಿಂತಿದೆ. ಬಡ್ ತಮ್ಮ ಗಾಡಿಯನ್ನು ತಡಕಿ ಬರಿಗೈಯಲ್ಲಿ ಬರುತ್ತಾರೆ.

“ಒಂದು ಕೆಲ್ಸ ಮಾಡು,” ಎನ್ನುತ್ತಾರೆ ಅರ್ಲಿಸ್. “ನನ್ನ ಹತ್ರ ಕಾಫಿ ಇದೆ, ಒಣಗಿಸಿದ ಜಿಂಕೆ ಮಾಂಸ ಇದೆ. ಇವತ್ತೊಂದು ದಿನ ಕಾರಲ್ಲೇ ಕೂತ್ಕೊಂಡು ನದಿ ನೋಡು.”

“ಆರು ಗಂಟೆ ಗಾಡಿ ಓಡಿಸ್ಕೊಂಡು ಬಂದಿದೀನಿ. ನಾಳೆ ಕೆಲಸಕ್ಕೆ ಹೋಗ್ಬೇಕು. ಅರವತ್ತು ಹೆಜ್ಜೆ ಅಲ್ವಾ ಮೇಡಂ, ನಾನೇನು ಮಗುನಾ?”

ಅವನು ಕೋಲು ಹೆಗಲಿಗಿಟ್ಟು ಹೊರಡುತ್ತಾನೆ. ಅರ್ಲಿಸ್ ಅವನ ಮುಖ ನೋಡುವುದಿಲ್ಲ, ಹಿಮ್ಮಡಿ ನೋಡುತ್ತಾರೆ. ಎಂಟನೇ ಹೆಜ್ಜೆಗೆ ಅಟ್ಟೆಯ ಸುತ್ತ ಬಿಳಿ ಅಂಚು ಮೂಡುತ್ತದೆ. ಹನ್ನೆರಡನೇ ಹೆಜ್ಜೆಗೆ ಅವನ ಪಾದ ಸ್ವಲ್ಪ ಹೊರಕ್ಕೆ ವಾಲುತ್ತದೆ.

“ನಿಲ್ಲು!”

ಆ ದನಿಗೆ ಅವನು ನಿಂತೇಬಿಡುತ್ತಾನೆ. ಅರ್ಲಿಸ್ ಕೋಟಿನೊಳಗೆ ಕೈ ಹಾಕಿ ತಗಡಿನ ಡಬ್ಬಿ ತೆಗೆಯುತ್ತಾರೆ. ಬಡ್ ಅತ್ತ ತಿರುಗಿ ತಮ್ಮ ಗಾಳದ ದಾರವನ್ನು ಬಿಡಿಸತೊಡಗುತ್ತಾರೆ. ಅದು ಸಿಕ್ಕಾಗಿರಲೇ ಇಲ್ಲ.

ಮುಚ್ಚಳ ತುಕ್ಕು ಹಿಡಿದಿದೆ, ಉಗುರಿಗೆ ಬಗ್ಗುವುದಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಮೀಟಬೇಕಾಗುತ್ತದೆ. ಅರ್ಲಿಸ್ ಹಿಮದಲ್ಲಿ ಮೊಣಕಾಲೂರಿ, ಅವನ ಬೂಟನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಅಂಟಿದ ಹಿಮವನ್ನು ಕೆರೆದು ಒಂದೊಂದೇ ಮೊಳೆ ತಿರುಗಿಸುತ್ತಾರೆ. ಪ್ರತಿ ಮೊಳೆ ತಾಗಿದ ಮೇಲೂ ಇನ್ನರ್ಧ ಸುತ್ತು. ಇಪ್ಪತ್ತೆಂಟಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅವನು ಎರಡು ಸಲ ಗಡಿಯಾರ ನೋಡಿಕೊಳ್ಳುತ್ತಾನೆ.

“ಅಂಚಿಗೆ ಹೋದಾಗ ಕೋಲಿಂದ ಅಟ್ಟೆ ತಟ್ಟು. ಬರೋವಾಗ್ಲೂ ತಟ್ಟು. ತಗೋ, ಇದು ಇವತ್ತಿನ ಬಣ್ಣ.” ಕಪ್ಪು ನೊಣವೊಂದನ್ನು ಅವನ ಅಂಗೈಗೆ ಹಾಕುತ್ತಾರೆ. ಅವನು ತಲೆಯಾಡಿಸಿ ಹೋಗುತ್ತಾನೆ, ತಿರುವಿನಲ್ಲಿ ಮರೆಯಾಗುತ್ತಾನೆ.

ಆ ಮೊಳೆ ನಿಮ್ಮ ಗಂಡನದು ಎಂದು ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ.

“ಹೇಳಿದ್ರೆ ಹಾಕಿಸ್ಕೊಳ್ತಿದ್ನಾ? ನೀರಲ್ಲಿ ಹೋದೋನ ಮೊಳೆ ಅಂತ ಓಡಿಹೋಗ್ತಿದ್ದ.”

ಮಧ್ಯಾಹ್ನದ ಹೊತ್ತಿಗೆ ಎಂದಿನ ಮೂವತ್ತರ ಬದಲು ಹತ್ತೊಂಬತ್ತು ನೊಣ ಆಗಿವೆ. ಅದರಲ್ಲೂ ಮೂರನ್ನು ಬ್ಲೇಡಿನಿಂದ ಕೊಯ್ದು ಮತ್ತೆ ಕಟ್ಟುತ್ತಾರೆ. ಒಂದೊಂದು ಗಂಟಿನ ನಡುವೆಯೂ ಕಣ್ಣು ತಿರುವಿನ ಕಡೆಗೆ. ಖಾಲಿ ಡಬ್ಬಿ ಮುಂದಿನ ಗಾಜಿನ ಕೆಳಗಿದೆ. ಒಮ್ಮೆ ಕೆಳಗಿಳಿದು ಚಪ್ಪಡಿಯವರೆಗೆ ಹೋಗಿ ನಿಂತು ಬರುತ್ತಾರೆ. “ಹಳೇ ಮೊಳೆ. ತಲೆ ಮುರಿದ್ರೆ?” ಎಂದು ತಮಗೇ ಹೇಳಿಕೊಳ್ಳುತ್ತಾರೆ. ಮೂರು ಗಂಟೆಗೆ ಗಾಳಿ ಎದ್ದು ದಡದ ಹಿಮ ಪುಡಿಪುಡಿಯಾಗಿ ಹಾರತೊಡಗುತ್ತದೆ. ಬಡ್ ತಮ್ಮ ಗಿರಾಕಿಯೊಂದಿಗೆ ಮೇಲೆ ಬರುತ್ತಾರೆ. ಬೂದು ಟೋಪಿಯವನನ್ನು ಅವರು ಕಂಡಿಲ್ಲ. ಹೋಗುವ ಮುನ್ನ, ಯಾವತ್ತೂ ಇಲ್ಲದ್ದು, ಅರ್ಲಿಸ್ ಹೆಗಲನ್ನೊಮ್ಮೆ ತಟ್ಟಿ ಹೋಗುತ್ತಾರೆ.

ನಾಲ್ಕಕ್ಕೆ ಮೇಲಿನ ಹೆದ್ದಾರಿಯಲ್ಲಿ ಅಂಚೆ ವ್ಯಾನಿನ ಹಾರ್ನ್ ಕೇಳುತ್ತದೆ. ಕಣಿವೆ ರಸ್ತೆ ತೆರೆದಿದೆ, ಮೊಳೆಯ ಪಾರ್ಸೆಲ್ ಬಂದಿದೆ. ಅರ್ಲಿಸ್ ಹತ್ತು ನಿಮಿಷ ಏರಿ, ಸಹಿ ಹಾಕಿ, ಪೊಟ್ಟಣ ಬಗಲಲ್ಲಿಟ್ಟುಕೊಂಡು ಇಳಿದು ಬರುತ್ತಾರೆ. ನಾನೂ ಜೊತೆಗೆ ಹೋಗಿದ್ದೆ. ಬಂದು ನೋಡಿದರೆ ಬಿಳಿ ಕಾರು ಇಲ್ಲ. ಚೀಟಿಯಿಲ್ಲ, ಮಾತಿಲ್ಲ. ಮೊಳೆಗಳೂ ಅವನ ಜೊತೆಗೇ ಹೋಗಿವೆ.

ನನಗೆ ಸಿಟ್ಟು ಬಂತು. ಅರ್ಲಿಸ್ ಕಾರಿನ ಚಕ್ರದ ಗುರುತನ್ನು ನೋಡಲೇ ಇಲ್ಲ. ಹಣೆಯ ದೀಪ ಹಚ್ಚಿಕೊಂಡು ನೇರ ನೀರಿನ ಕಡೆಗೆ ನಡೆದರು. ಅವನು ಹೋದ ತಿರುವಿನ ಬಳಿ ಮರದ ಮರೆಯಲ್ಲಿ, ಗಾಳಿ ತಾಗದ ಜಾಗದಲ್ಲಿ, ಅವನ ಹೆಜ್ಜೆಗಳು ಉಳಿದಿದ್ದವು. ಒಂದು ಸಾಲು ನದಿಯ ಕಡೆಗೆ. ಇಡೀ ಪಾದ, ಸುತ್ತಲೂ ಹದಿನಾಲ್ಕು ಚುಕ್ಕೆ. ಅದರ ಪಕ್ಕದಲ್ಲೇ, ಕೆಲವು ಕಡೆ ಅದನ್ನು ತುಳಿದುಕೊಂಡು, ಇನ್ನೊಂದು ಸಾಲು ಮೇಲಕ್ಕೆ. ಅದರಲ್ಲೂ ಹದಿನಾಲ್ಕು.

ಅರ್ಲಿಸ್ ಬಗ್ಗಿ ಒಂದು ಹೆಜ್ಜೆಯ ಚುಕ್ಕೆಗಳನ್ನು ಬೆರಳಿಟ್ಟು ಎಣಿಸಿದರು. ಎದ್ದು ಮೊಣಕಾಲಿನ ಹಿಮ ಕೊಡವಿದರು.

“ಹೋಗಿದ್ದೂ ಇದೆ, ಬಂದಿದ್ದೂ ಇದೆ,” ಎಂದರು. “ದಿನಾ ಸಂಜೆ ಇಷ್ಟು ಕಂಡ್ರೆ ಸಾಕು ನಂಗೆ.”