ಒಂಬತ್ತು ರೊಟ್ಟಿಯ ಅಧ್ಯಾಯ

೧೯೯೪ರಲ್ಲಿ, ಏಳನೇ ತರಗತಿಯ ನಡುವೆ, ನನ್ನ ಓದು ನಿಂತಿತು. ಕರ್ನಾಟಕದ ಗಡಿಯಾಚೆ, ಮಕ್ತಲ್ ಹತ್ತಿರದ ನಮ್ಮೂರಿನ ಕನ್ನಡ ಶಾಲೆ ಅದು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಸೋದರಮಾವನ ಹಿಂದೆ ನಾರಾಯಣಪೇಟೆಗೆ ಹೋಗಿ ಮಗ್ಗಕ್ಕೆ ಎಳೆ ಕೂಡಿಸುವ ಕೆಲಸ ಕಲಿತೆ. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲು, ನೇಯ್ದು ಮುಗಿಯುತ್ತ ಬಂದಾಗ ನೇಕಾರ ಅದರ ತುದಿಯನ್ನು ಮಗ್ಗದಲ್ಲೇ ಬಿಟ್ಟಿರುತ್ತಾನೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ಎಳೆಗೆ, ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ನಾನು ಕೂಡಿಸಿದ್ದು ಬಿಚ್ಚಿತು ಎಂದು ಗದ್ವಾಲ್‌ನಿಂದಾಗಲಿ ನಾರಾಯಣಪೇಟೆಯಿಂದಾಗಲಿ ಇವತ್ತಿನವರೆಗೆ ಯಾರೂ ಹೇಳಿ ಕಳಿಸಿಲ್ಲ. ಜಂಬ ಅನ್ನಿಸಿದರೆ ಅನ್ನಿಸಲಿ, ನಿಜ ಅದು.

ಈ ಕೆಲಸದಲ್ಲಿ ನಮ್ಮ ಕಡೆ ಒಂದು ರೂಢಿ ಇದೆ. ಕೂಡಿಸುವಾಗ ನೆಲಕ್ಕೆ ಬಿದ್ದ ತುಂಡು ನೂಲು ಕೂಡಿಸಿದವನದು. ಎದ್ದು ಹೋಗುವಾಗ ಅದನ್ನೆಲ್ಲ ಆರಿಸಿ, ಹಿಡಿ ಬಿಚ್ಚಿ ಮಗ್ಗದ ಮಾಲಕನಿಗೆ ತೋರಿಸಿದರೆ ಅವನು ಆಗಲಿ ಎಂದು ತಲೆಯಾಡಿಸುತ್ತಾನೆ. ಮನೆಯಲ್ಲಿ ಹೆಂಡತಿ ಅದನ್ನು ಹೊಸೆದು ಲಾಡಿ ಮಾಡುತ್ತಾಳೆ, ಉಡುದಾರ ಮಾಡುತ್ತಾಳೆ.

ತೆಲಂಗಾಣ ಬೇರೆ ರಾಜ್ಯವಾಗಿ ಮೂರು ವರ್ಷವಾಗಿತ್ತು. ಗದ್ವಾಲ್ ಜಿಲ್ಲೆಯಾಗಿತ್ತು, ನಾರಾಯಣಪೇಟೆಯವರು ನಮಗೂ ಜಿಲ್ಲೆ ಬೇಕೆಂದು ಟೆಂಟ್ ಹಾಕಿ ಕೂತಿದ್ದರು. ಆ ವರ್ಷವೇ ನಾವು ದಿನಾ ನೋಡುತ್ತಿದ್ದ ಒಂದು ಕನ್ನಡ ಧಾರಾವಾಹಿ ಇದ್ದಕ್ಕಿದ್ದಂತೆ ಮುಗಿಯಿತು. ಮನೆ ಬಿಟ್ಟು ಹೋಗಿದ್ದ ಸೊಸೆ ತಿರುಗಿ ಬಂದು ಬಾಗಿಲು ತಟ್ಟುತ್ತಾಳೆ, ಬಾಗಿಲು ತೆರೆಯುತ್ತದೆ, ಅಷ್ಟೇ.

"ಒಳಗ ಯಾರ್ ಅದಾರಂತ ತೋರಿಸಬಾರದಾ?" ಎಂದು ಹೆಂಡತಿ ಟಿವಿಗೇ ಬೈದಳು. "ಇಷ್ಟ್ ದಿನ ನೋಡಿದ್ದು ಮಣ್ಣಾತು."

"ಮುಂದಿಂದು ನಾ ಬರಿತೀನಿ ತಗೋ" ಎಂದೆ.

"ನೀವಾ? ಏಳನೇತ್ತ ಪಂಡಿತ್ರು ಬರೀತಾರಂತ, ಕೇಳ್ರೆಪಾ!"

ಆ ನಗುವಿಗೇ ಬರೆದೆ. ಮಕ್ತಲ್‌ನಿಂದ ಗದ್ವಾಲ್‌ಗೆ ಹೋಗುವ ಬಸ್ಸಿನಲ್ಲಿ, ಜೂರಾಲ ಅಣೆಕಟ್ಟೆ ದಾಟಿ ಧರೂರು ಬರುವಷ್ಟರಲ್ಲಿ ಫೋನಿನಲ್ಲಿ ಒಂದು ಪುಟ ಒತ್ತುತ್ತಿದ್ದೆ. ಮುಗಿದ ಕಥೆಗೆ ಮುಂದಿನದನ್ನು ಕೂಡಿಸುವುದು ನನಗೆ ಹೊಸದಲ್ಲ ಅನ್ನಿಸಿತ್ತು. ಆ ಧಾರಾವಾಹಿಯ ಅಭಿಮಾನಿಗಳ ಗುಂಪೊಂದು ಫೇಸ್‌ಬುಕ್‌ನಲ್ಲಿತ್ತು. ಅಲ್ಲಿ ಹಾಕಿದರೆ ಕೆಲವರು ನಕ್ಕರು. ಒಬ್ಬರು ಮಾತ್ರ, "ಹಾಕುವ ಮುಂಚೆ ಓದಿ ತಪ್ಪು ಹೇಳುವ ಬೀಟಾ ರೀಡರ್ ಒಬ್ಬರನ್ನು ಹುಡುಕಿಕೊಳ್ಳಿ" ಎಂದರು. ಬೇಕಾಗಿದ್ದಾರೆ ಎಂದು ಬರೆದೆ. ಮೂವರು ಬಂದರು. ಒಬ್ಬ ನನ್ನದು ಬಿಟ್ಟು ತನ್ನದನ್ನೇ ಓದು ಎಂದ. ಇನ್ನೊಬ್ಬನಿಗೆ ಏನು ಕಳಿಸಿದರೂ 'ಸೂಪರ್'. ಮೂರನೆಯವರನ್ನು ನಾನು ಅಕ್ಕ ಎಂದು ಕರೆದೆ.

ಹುಬ್ಬಳ್ಳಿ ಕಡೆಯವರು. ಬಹಳ ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವರು, ಗಂಡ ಇಲ್ಲ. ಮುಖ ನೋಡಿಲ್ಲ, ದನಿ ಮಾತ್ರ ಗೊತ್ತು. ಬರೆದು ಕಳಿಸುತ್ತಿರಲಿಲ್ಲ, ಮಾತಾಡಿ ಕಳಿಸುತ್ತಿದ್ದರು. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎಳೆ ಹೊಸೆಯುತ್ತ ಕೇಳುತ್ತಿದ್ದೆ.

"ತಮ್ಮಾ, ನಿಮ್ಮ ಸೊಸಿ ಮೂರ್ ಸಾಲಿನ್ಯಾಗ ಎರಡ್ ಸಲ ಜಳಕ ಮಾಡ್ಯಾಳ. ನಿಮ್ಮೂರಾಗ ನೀರು ಭಾಳ ಅದಾವೇನ್ರಿ?"

ನಾನು ಒಬ್ಬನೇ ನಗುವುದನ್ನು ಕಂಡು ಗದ್ವಾಲ್‌ನ ನೇಕಾರ, "ಯಾರಪಾ ಅಕಿ, ನಿನ್ನ ನಗಸಾಕಿ?" ಎನ್ನುತ್ತಿದ್ದ. "ಮಾಸ್ತರಿಣಿ" ಎನ್ನುತ್ತಿದ್ದೆ. ಇಪ್ಪತ್ಮೂರು ವರ್ಷದ ಮೇಲೆ ನನಗೆ ಮತ್ತೆ ಒಬ್ಬ ಮಾಸ್ತರಿಣಿ ಸಿಕ್ಕಿದ್ದರು. ಅವರು ಓದದ ಸಾಲನ್ನು ನಾನು ಗುಂಪಿಗೆ ಹಾಕುತ್ತಿರಲಿಲ್ಲ.

ಇಪ್ಪತ್ತಾರು ಅಧ್ಯಾಯ ಹೀಗೆ ನಡೆಯಿತು. ಇಪ್ಪತ್ತಾರನೆಯದರ ಕೊನೆಗೆ ನಾನು ಸೊಸೆಯ ಗಂಡನನ್ನು ಸಾಯಿಸಿದ್ದೆ. ಸೊಸೆ ಬಳೆ ಒಡೆದುಕೊಂಡು, ಹೊರಳಾಡಿ ಅತ್ತಿದ್ದಳು. ಅಕ್ಕನ ಉತ್ತರ ಬಂದಾಗ ನಾನು ನಾರಾಯಣಪೇಟೆಯಲ್ಲಿ ಒಂದು ಮಗ್ಗದ ಮುಂದೆ ಕೂತಿದ್ದೆ.

"ಹಿಂಗ ಅಳೂದಿಲ್ರಿ ತಮ್ಮಾ. ಇದು ಟಿವಿ ಅಳು. ನಮ್ಮನಿಯವ್ರು ಹೋದ ಸುದ್ದಿ ಬಂದಾಗ ನಾ ರೊಟ್ಟಿ ಬಡಿಯಾಕತ್ತಿದ್ದೆ. ಹಂಚಿನ ಮ್ಯಾಲ ಒಂದ್ ಇತ್ತು. ಅದನ್ನ ಹೊಳ್ಳಿಸಿ ಹಾಕಿದೆ. ಹಿಟ್ಟು ನಾದಿ ಇಟ್ಟಿದ್ದೆ, ಬಿಟ್ಟ್ ಏಳಾಕ ಆಗಲಿಲ್ಲ. ಒಂಬತ್ತು ರೊಟ್ಟಿ ಮಾಡಿ ಮುಗಿಸಿ ಎದ್ದೆ. ಬಾಗಲಾಗ ನಿಂತ ನನ್ನ ನಾದಿನಿ, 'ಈಕಿ ಕಲ್ಲು' ಅಂದ್ಲು. ಇದನ್ನ ನನ್ನ ಮಗನ ಮುಂದನೂ ಹೇಳಿಲ್ಲ. ನಿಮಗ ತಿಳೀಲಿ ಅಂತ ಹೇಳೀನಿ."

ನನ್ನ ಬೆರಳು ನಿಂತವು. ಆ ಮಾತನ್ನು ನಾಲ್ಕು ಸಲ ಕೇಳಿದೆ. ಆಮೇಲೆ ಮಕ್ತಲ್ ಬಸ್ಸಿನಲ್ಲಿ ಆ ಅಳುವನ್ನು ಅಳಿಸಿ, ಇಪ್ಪತ್ತೇಳನೆಯ ಅಧ್ಯಾಯ ಬರೆದೆ: ಸೊಸೆ, ಹಂಚು, ಒಂಬತ್ತು ರೊಟ್ಟಿ, ಬಾಗಿಲಲ್ಲಿ ನಾದಿನಿ, ಕಲ್ಲು ಎಂಬ ಮಾತು. ರೊಟ್ಟಿಯ ಎಣಿಕೆಯನ್ನೂ ಬದಲಿಸಲಿಲ್ಲ. ಆ ಅಧ್ಯಾಯವನ್ನು ಮಾತ್ರ ಅಕ್ಕನಿಗೆ ಕಳಿಸದೆ ಗುಂಪಿಗೆ ಹಾಕಿದೆ. ಅವಸರವಿತ್ತು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಕಳಿಸಿದ್ದರೆ ಬೇಡ ಎನ್ನುತ್ತಿದ್ದರು, ಅದು ನನಗೆ ಗೊತ್ತಿತ್ತು.

ಗುಂಪೇ ಎದ್ದು ನಿಂತಿತು. ನಕ್ಕಿದ್ದವರೇ ಕೈ ಮುಗಿದರು. ಒಬ್ಬರು, "ಸರ್, ಆ ರೊಟ್ಟಿ ನಿಮಗೆ ಹೇಗೆ ಹೊಳೆಯಿತು?" ಎಂದು ಕೇಳಿದ್ದರು. ಏಳನೇ ತರಗತಿಯವನನ್ನು ಅಲ್ಲಿಯವರೆಗೆ ಯಾರೂ ಸರ್ ಅಂದಿರಲಿಲ್ಲ. "ಸ್ವಂತದ್ದು, ತಾನಾಗಿ ಬಂತು" ಎಂದು ಉತ್ತರ ಬರೆದೆ.

ಎರಡನೆಯ ದಿನ ಅಕ್ಕನ ದನಿ ಬಂತು. ಬೈಗುಳ ಇರಲಿಲ್ಲ.

"ನನ್ನ ನಾದಿನಿನೂ ಆ ಗುಂಪಿನ್ಯಾಗ ಅದಾಳ್ರಿ. ಫೋನ್ ಮಾಡಿದ್ಲು. 'ವೈನಿ, ಮನಿ ಮಾತು ಊರಿಗೆಲ್ಲಾ ಹಂಚಾಕತ್ತೀಯೇನ?' ಅಂದ್ಲು. ಮಗನಿಗೂ ಓದಿಸ್ಯಾಳ. ಅಂವ ನನಗ ಏನೂ ಕೇಳವಲ್ಲ."

ಆಗಲೇ ತಪ್ಪಾಯಿತು ಅನ್ನಬೇಕಿತ್ತು. ನಾನು ಕಳಿಸಿದ್ದು, "ಅಕ್ಕಾರ, ನಿಮ್ಮ ಹೆಸರು ಹಾಕಿಲ್ರಿ" ಎಂದು.

"ಹೆಸರು ಹಾಕ್ಲಿಲ್ಲಂದ್ರ ನನ್ನದಲ್ಲಂತೇನ್ರಿ?"

ಮನೆಯಲ್ಲಿ ಹೆಂಡತಿ ತುಂಡು ನೂಲು ಬಿಡಿಸುತ್ತ ಕೂತಿದ್ದಳು. ಎಲ್ಲವನ್ನೂ ಹೇಳಿದೆ. ಕೊನೆಗೆ, "ಕಥೀ ಕೂಡಿಸಾವ ನಾನು. ಕೆಳಗ ಬಿದ್ದಿದ್ದು ಕೂಡಿಸಿದಾವಂದಲ್ಲೇನು?" ಎಂದೆ. ಎರಡು ದಿನದಿಂದ ನನಗೆ ನಾನು ಹೇಳಿಕೊಳ್ಳುತ್ತಿದ್ದ ಮಾತು ಅದೇ.

ಅವಳು ನೂಲಿನಿಂದ ಕಣ್ಣೆತ್ತಲಿಲ್ಲ. "ಇದನ್ನ ಹಿಡಿ ಬಿಚ್ಚಿ ಮಾಲಕಗ ತೋರಿಸಿ ತರ್ತೀರಿ. ಅಕಿಗೆ ಏನ್ ತೋರ್ಸಿದ್ರಿ? ಮತ್ತ ಅಕಿ ಅದನ್ನ ಕೆಳಗ ಬೀಳಿಸಿದ್ದಿಲ್ಲ, ನಿಮ್ಮ ಕೈಯಾಗ ಇಟ್ಟಿದ್ಲು."

ಆದರೂ ನಾನು ಬಾಗುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಬಡತನಕ್ಕೂ ಬಾಗದ ಕುತ್ತಿಗೆ ಎಂದು ಹೇಳಿಕೊಂಡು ತಿರುಗಿದವನು ನಾನು. ಹನ್ನೆರಡನೆಯ ದಿನ ಅಧ್ಯಾಯ ತೆಗೆದುಹಾಕಿದೆ. ರೊಟ್ಟಿ ನನಗೆ ಹೊಳೆದದ್ದಲ್ಲ, ನಂಬಿ ಹೇಳಿದವರೊಬ್ಬರ ಮಾತನ್ನು ಕೇಳದೆ ತೆಗೆದುಕೊಂಡೆ ಎಂದು ಗುಂಪಿನಲ್ಲಿ ಬರೆದೆ. ಅಕ್ಕನಿಗೆ ಬರೆಯಲಿಲ್ಲ, ಮಾತಾಡಿ ಕಳಿಸಿದೆ. ಎರಡು ಸಲ ಅಳಿಸಿ, ಮೂರನೆಯ ಸಲಕ್ಕೆ "ತಪ್ಪಾತ್ರಿ ಅಕ್ಕಾರ" ಎಂಬಷ್ಟೇ ಹೋಯಿತು.

ಸಂಜೆ ಉತ್ತರ ಬಂತು. "ತೆಗದ್ರ ಏನ್ ಬಂತು ತಮ್ಮಾ, ಓದಿದವ್ರು ಓದ್ಯಾರ. ಬರಿಯೂದು ಬಿಡಬ್ಯಾಡ್ರಿ, ಕೈ ಐತಿ ನಿಮಗ. ಆದ್ರ ನನಗ ಇನ್ನ ಕಳಸಬ್ಯಾಡ್ರಿ."

ಆಮೇಲೆ ನಾಲ್ಕು ಅಧ್ಯಾಯ ಬರೆದೆ. ಯಾವುದನ್ನೂ ಎಲ್ಲಿಯೂ ಹಾಕಲಿಲ್ಲ. ಇನ್ನೊಬ್ಬ ಬೀಟಾ ರೀಡರ್ ಸಿಗುತ್ತಾರೆ, ಹುಡುಕಿದರೆ. ಹುಡುಕಿಲ್ಲ.

ಈಗ ನನ್ನಲ್ಲಿರುವುದು ಇಷ್ಟು: ಮೂವತ್ತೊಂದು ಅಧ್ಯಾಯ, ಅದರಲ್ಲಿ ಅಕ್ಕ ತಿದ್ದಿದ್ದು ಇಪ್ಪತ್ತಾರು, ತೆಗೆದುಹಾಕಿದ್ದು ಒಂದು, ಯಾರೂ ಓದದ್ದು ನಾಲ್ಕು. ಅಕ್ಕನ ದನಿ ಫೋನಿನಲ್ಲಿ ನೂರಾ ಹನ್ನೆರಡು. ಕೆಲಸಕ್ಕೆ ಕರೆಯುವ ಮಗ್ಗದ ಮನೆಗಳು ಹದಿನಾಲ್ಕು. ಹೆಂಡತಿ ಒಬ್ಬಳು.