ನಾಲ್ಕನೆಯ ಮೂಲೆಯ ರೊಟ್ಟಿ

ಅತ್ತೆಯ ಎಡಗೈ ತೋರುಬೆರಳಿನ ತುದಿ ಜರಡಿಯ ಹಾಗಿತ್ತು. ಹತ್ತು ವರ್ಷದವಳಿದ್ದಾಗಿನಿಂದ ಹೊಲಿಗೆಯ ಸೂಜಿ ಚುಚ್ಚಿಸಿಕೊಂಡು ಅಲ್ಲಿನ ಚರ್ಮ ಒಣಗಿದ ಅಡಿಕೆಯಷ್ಟು ಗಟ್ಟಿಯಾಗಿತ್ತು, ಮೇಲೆಲ್ಲ ಕಪ್ಪು ಚುಕ್ಕೆ. ಆ ಬೆರಳಿಗೆ ನೋವೂ ಇಲ್ಲ, ಬಿಸಿಯೂ ಇಲ್ಲ. ಬೋಂಡಾ ಕರಿಯುವಾಗ ಕಾದ ಎಣ್ಣೆಗೆ ಅದನ್ನೇ ಸೋಕಿಸಿ "ಇನ್ನೂ ಆಗಿಲ್ಲ" ಎನ್ನುತ್ತಿದ್ದಳು. ನಾವು ಮಕ್ಕಳು ಕಣ್ಣು ಮುಚ್ಚಿಕೊಳ್ಳುತ್ತಿದ್ದೆವು. ನಮ್ಮನ್ನು ಹೆದರಿಸಲೆಂದೇ ಅವಳು ಹಾಗೆ ಮಾಡುತ್ತಿದ್ದಳು ಎಂಬುದು ನನಗೆ ತಿಳಿದದ್ದು ನಾನೇ ಬೋಂಡಾ ಕರಿಯುವ ವಯಸ್ಸಿಗೆ ಬಂದ ಮೇಲೆ.

ಅತ್ತೆ ಎಂದರೆ ನನ್ನ ಸೋದರಮಾವನ ಹೆಂಡತಿ. ಮಾವನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ಕೆಲಸ. ಅತ್ತೆ ಹಾವೇರಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಇಪ್ಪತ್ತು ವರ್ಷ ಭದ್ರೆಯ ನೀರು ಕುಡಿದರೂ ಅವಳ ಬಾಯಲ್ಲಿ "ಐತಿ" "ಹಂಗ" ಹೋಗಲಿಲ್ಲ. ಅವಳ ಕ್ವಾರ್ಟರ್ಸಿನ ಎಡಗಡೆ ತಮಿಳರು, ಬಲಗಡೆ ತೆಲುಗರು. ಇಬ್ಬರ ಜೊತೆಯೂ ಅವಳು ಹಾವೇರಿ ಕನ್ನಡದಲ್ಲೇ, ಸ್ವಲ್ಪ ಜೋರಾಗಿ ಮಾತಾಡುತ್ತಿದ್ದಳು. ಜೋರಾಗಿ ಹೇಳಿದರೆ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ ಎಂಬುದು ಅವಳ ನಂಬಿಕೆ. ಅವರಿಗೂ ಅರ್ಥವಾಗುತ್ತಿತ್ತು, ಅದು ಬೇರೆ ಮಾತು.

ಸುಳ್ಳು ಮಾತ್ರ ಅವಳ ಬಾಯಲ್ಲಿ ಬರುತ್ತಿರಲಿಲ್ಲ. ನಮ್ಮ ದೊಡ್ಡಪ್ಪನ ಮಗಳನ್ನು ನೋಡಲು ಗಂಡಿನವರು ಬಂದಾಗ, ಉಪ್ಪಿಟ್ಟು ಹುಡುಗಿಯೇ ಮಾಡಿದ್ದು ಎಂದು ದೊಡ್ಡಮ್ಮ ಹೇಳಿ ಬಾಯಿ ಮುಚ್ಚುವುದರೊಳಗೆ ಅತ್ತೆ ಒಳಗಿನಿಂದ "ಇಲ್ರೀ, ಅದು ನಾ ಮಾಡಿದ್ದು, ಆ ಹುಡುಗೀಗೆ ಒಲಿ ಹಚ್ಚಾಕೂ ಬರಂಗಿಲ್ಲ" ಎಂದುಬಿಟ್ಟಳು. ಪುಣ್ಯಕ್ಕೆ ಗಂಡಿನವರು ನಕ್ಕರು, ಮದುವೆಯೂ ಆಯಿತು. ದೊಡ್ಡಮ್ಮ ಮಾತ್ರ ಎರಡು ವರ್ಷ ಅತ್ತೆಯ ಜೊತೆ ಮಾತಾಡಲಿಲ್ಲ. "ಸುಳ್ಳು ಅಂದ್ರ ಗಂಟು ಹಾಕದ ದಾರ. ಒಂದು ತುದಿ ಎಳದ್ರ ಎಲ್ಲಾ ಬರ್ತೈತಿ" ಎನ್ನುತ್ತಿದ್ದಳು ಅತ್ತೆ.

ನಾನು ಏಳನೆಯ ಕ್ಲಾಸು ಮುಗಿಸಿದ ಬೇಸಿಗೆ. ರೇಷನ್ ಬಿಗಿಯಾಗಿದ್ದ ವರ್ಷ ಅದು. ಶಿವಮೊಗ್ಗದ ಹೊಸಮನೆಯಲ್ಲಿದ್ದ ನಮ್ಮ ಮನೆಗೆ, ಹತ್ತಿರದಲ್ಲೇ ಇದ್ದ ಹೆಣ್ಣುಮಕ್ಕಳ ಅನಾಥಾಶ್ರಮದ ಮೇಲ್ವಿಚಾರಕರು ಹಳೆಬಟ್ಟೆ ಕೇಳಲು ಬಂದರು. ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತಿದ್ದರು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ನಮ್ಮ ಮಂಚದ ಮೇಲೆ ಹಳೆಬಟ್ಟೆಯ ಪದರಗಳನ್ನು ಸೇರಿಸಿ ಅತ್ತೆ ಹೊಲಿದಿದ್ದ ಕೌದಿ ಹಾಸಿತ್ತು. ದೊಡ್ಡಕ್ಕ ಅದರ ಅಂಚನ್ನು ಬೆರಳಲ್ಲಿ ಸವರಿ ನೋಡಿ, ಆಶ್ರಮದಲ್ಲಿ ಹದಿನಾಲ್ಕು ಹುಡುಗಿಯರಿಗೆ ಏಳೇ ಕಂಬಳಿ ಇವೆ, ಮಳೆ ಹಿಡಿಯುವುದರೊಳಗೆ ಇದನ್ನು ಕಲಿಸಿಕೊಡುವವರು ಸಿಗುತ್ತಾರಾ ಎಂದು ಕೇಳಿದರು. ಅಮ್ಮ ಕಾಗದ ಬರೆದಳು. ನಾಲ್ಕನೆಯ ದಿನ ಅತ್ತೆ ರೈಲಿನಿಂದ ಇಳಿದಳು. ಜೊತೆಗೆ ಮೂರು ಗಂಟು ಹಳೆಬಟ್ಟೆ, ಒಂದು ಡಬ್ಬಿ ಖಡಕ್ ರೊಟ್ಟಿ. ಗಂಟುಗಳಲ್ಲಿ ಎಡಗಡೆಯ ಮನೆಯ ಸೀರೆ, ಬಲಗಡೆಯ ಮನೆಯ ಪಂಚೆ, ಮಾವನ ಖಾಕಿ ಪ್ಯಾಂಟುಗಳು. ಪ್ಯಾಂಟುಗಳ ತುಂಬ ಕುಲುಮೆಯ ಕಿಡಿ ಹಾರಿ ಸುಟ್ಟ ಸಣ್ಣ ತೂತುಗಳು. ಮಾವನ ಊಟದ ಗತಿ ಏನು ಎಂದು ಅಮ್ಮ ಕೇಳಿದ್ದಕ್ಕೆ, ಹೋಟೆಲಿನಲ್ಲಿ ತಿಂದರೆ ತನ್ನ ಬೆಲೆ ಗೊತ್ತಾಗುತ್ತದೆ ಎಂದಳು. ಪ್ರತಿ ಭಾನುವಾರ ಮಾವ ಸೋತ ಮುಖ ಹೊತ್ತು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು.

ಹೀಗೆ ನಾನು, ಅಮ್ಮ, ಅತ್ತೆ ಮೂವರೂ ಒಂದೂವರೆ ತಿಂಗಳು ದಿನಾ ಆಶ್ರಮಕ್ಕೆ ಹೋದೆವು. ಅಲ್ಲಿ ಇನ್ನೊಬ್ಬರಿದ್ದರು. ಸಮುದ್ರದಾಚೆಯಿಂದ ಸೇವೆ ಮಾಡಲೆಂದು ಆ ಬೇಸಿಗೆಗೆ ಬಂದಿದ್ದ ಇಪ್ಪತ್ತೆರಡರ ಹುಡುಗಿ. ಮಕ್ಕಳು ಬಿಳಿಯಕ್ಕ ಎನ್ನುತ್ತಿದ್ದರು. ಪುಸ್ತಕ ನೋಡಿ ಕನ್ನಡ ಕಲಿತಿದ್ದಳು. ಮೊದಲ ದಿನ ಮಧ್ಯಾಹ್ನ ಅತ್ತೆಯ ಎದುರು ಕೂತು, ಹೊಟ್ಟೆ ಮುಟ್ಟಿಕೊಂಡು, ಬಹಳ ಗಂಭೀರವಾಗಿ "ನಾನು ಹಸು" ಎಂದಳು. ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ. ಡಬ್ಬಿಯಿಂದ ರೊಟ್ಟಿ ತೆಗೆದು ಅವಳ ಕೈಗಿಟ್ಟು, ಹಸುವಾದರೂ ತಿನ್ನಲೇಬೇಕಲ್ಲ ಎಂದಳು. ಆಮೇಲೆ ಬಿಳಿಯಕ್ಕ ಅತ್ತೆಯ ಸೆರಗು ಬಿಟ್ಟಿದ್ದರೆ ಕೇಳಿ.

ಬಟ್ಟೆ ಉಳಿಸಲು ಕೌದಿಯನ್ನು ಮಕ್ಕಳ ಅಳತೆಗೆ ಹೊಲಿದರೆ ಸಾಕು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದರು ದೊಡ್ಡಕ್ಕ. ಅತ್ತೆ ಒಪ್ಪಲಿಲ್ಲ. ಆ ಗಾದೆ ಮಾಡಿದವನು ಮಕ್ಕಳನ್ನು ಸಾಕಿದವನಲ್ಲ, ಕಾಲು ಬೆಳೆಯುತ್ತವೆ, ಕೌದಿ ಬೆಳೆಯುವುದಿಲ್ಲ ಎಂದು ಹೇಳಿ ಎಲ್ಲವನ್ನೂ ದೊಡ್ಡವರ ಅಳತೆಗೇ ಕತ್ತರಿಸಿದಳು.

ಅವಳ ಕಡೆಯ ಪದ್ಧತಿಯೊಂದಿತ್ತು. ಕೌದಿಯ ಮೂರು ಮೂಲೆ ಹೊಲಿದಾದ ಮೇಲೆ ನಾಲ್ಕನೆಯದರೊಳಗೆ ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟು ಹೊಲಿದು ಮುಗಿಸಬೇಕು. ಅದು ಕೌದಿಯ ಹೊಟ್ಟೆ ತುಂಬಿಸುವುದು. ಹಸಿದ ಕೌದಿಯನ್ನು ಯಾರಿಗೂ ಹೊದಿಸಬಾರದಂತೆ. ಇರುವೆ ಹತ್ತುತ್ತದೆ ಎಂದು ದೊಡ್ಡಕ್ಕ ಮುಖ ಗಂಟಿಕ್ಕಿದರು, ಆದರೆ ಬೇಡ ಎನ್ನಲಿಲ್ಲ. ಬಿಳಿಯಕ್ಕ ತನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡಳು.

ಸಾವಿತ್ರಿ ಎಂಬ ಹುಡುಗಿ ನನ್ನ ವಾರಿಗೆಯವಳು. ಅವಳ ಐದು ವರ್ಷದ ತಂಗಿಯೂ ಅಲ್ಲೇ ಇತ್ತು, ಅಕ್ಕನ ಲಂಗ ಹಿಡಿದೇ ಓಡಾಡುತ್ತಿತ್ತು. ಒಂದು ಮಧ್ಯಾಹ್ನ ಮುಗಿದ ಕೌದಿಗಳನ್ನು ಪೇರಿಸಿಟ್ಟಿದ್ದ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. "ಹೌದೇನೇ, ಬೆಲ್ಲ ಇನ್ನೂ ಒಳಗೇ ಇರುತ್ತಾ?" ಎಂದಳು ಸಾವಿತ್ರಿ. ನನಗೋ ತೋರಿಸುವ ಹುಮ್ಮಸ್ಸು. ಹೊಲಿಗೆ ಬಿಚ್ಚುವುದನ್ನು ಅತ್ತೆ ನನಗೊಬ್ಬಳಿಗೇ ಕಲಿಸಿದ್ದಳು. ಮೂರು ಹೊಲಿಗೆ ಬಿಟ್ಟು ಒಂದನ್ನು ಕತ್ತರಿಸಿ, ಹಿಂದಿನಿಂದ ದಾರ ಎಳೆದರೆ ಬಟ್ಟೆಗೆ ಏನೂ ಆಗುವುದಿಲ್ಲ. ಕತ್ತರಿಯೂ ನನ್ನ ಹತ್ತಿರವೇ ಇತ್ತು. ಬಿಚ್ಚಿದೆ. ರೊಟ್ಟಿ, ಬೆಲ್ಲ ಎರಡನ್ನೂ ಅರ್ಧರ್ಧ ಮಾಡಿ ತಿಂದೆವು. ನಾನು ತಿಂದದ್ದು ಚಪಲಕ್ಕೆ. ಸಾವಿತ್ರಿ ತನ್ನ ಪಾಲಿನಲ್ಲಿ ಅರ್ಧ ತಿಂದು ಉಳಿದದ್ದನ್ನು ಲಂಗದ ಚುಂಗಿಗೆ ಕಟ್ಟಿಕೊಂಡಳು. ಯಾಕೆಂದು ನಾನು ಕೇಳಲೂ ಇಲ್ಲ.

ಕೌದಿ ಹಂಚುವ ದಿನಕ್ಕೆ ಊರಿನ ದೊಡ್ಡ ಮನುಷ್ಯರನ್ನು ಕರೆದಿದ್ದರು. ಅದರ ಹಿಂದಿನ ದಿನ ಬೆಳಿಗ್ಗೆ ದೊಡ್ಡಕ್ಕ ಕೋಣೆಯ ಬಾಗಿಲಲ್ಲಿ ಇರುವೆಸಾಲು ಕಂಡರು. ಕೊಡವಿ ನೋಡಿದರೆ ಐದು ಕೌದಿಗಳ ಮೂಲೆ ಬಿಚ್ಚಿದೆ. ಸಾವಿತ್ರಿಯ ತಂಗಿಯ ಅಂಗಿಯ ಮೇಲೆ ಬೆಲ್ಲದ ಕಲೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ದೊಡ್ಡಕ್ಕ ಕೆಟ್ಟವರೇನಲ್ಲ, ಹದಿನಾಲ್ಕು ಹೊಟ್ಟೆಗೆ ದಿನಾ ಗಂಜಿ ಅಳೆದು ಬಡಿಸಿ ಅವರ ಮನಸ್ಸೂ ಒಣಗಿತ್ತು ಎಂದು ಈಗ ಅನಿಸುತ್ತದೆ. ಕದ್ದವಳು ಇಲ್ಲಿರುವುದು ಬೇಡ, ಬೇರೆ ಊರಿನ ಆಶ್ರಮಕ್ಕೆ ಇವತ್ತೇ ಕಾಗದ ಬರೆಯುತ್ತೇನೆ ಎಂದರು. ಸಾವಿತ್ರಿ ಒಂದು ಹೆಜ್ಜೆ ಮುಂದೆ ಬಂದು "ನಾನೇ" ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಂಗಿಗೆ ಮಾತು ಅರ್ಥವಾಗಿರಲಿಲ್ಲ, ಆದರೂ ಅಕ್ಕನ ಲಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು.

ನಾನು ಅಲ್ಲೇ ನಿಂತಿದ್ದೆ, ಕತ್ತರಿ ಕೈಯಲ್ಲೇ ಇತ್ತು. ಮೊದಲು ಬಿಚ್ಚಿದ್ದು ನಾನು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನನ್ನ ನಾಲಿಗೆ ಏಳಲಿಲ್ಲ. ಅಮ್ಮನಿಗೆ ಗೊತ್ತಾಗುತ್ತದೆ, ಬೈಗುಳ ಬೀಳುತ್ತದೆ, ಅಷ್ಟೇ ನನ್ನ ಭಯ. ಅಷ್ಟು ಸಣ್ಣ ಭಯಕ್ಕೆ ಒಂದು ಮಗುವನ್ನು ಅದರ ತಂಗಿಯಿಂದ ಕೀಳಿಸಲು ತಯಾರಾಗಿದ್ದೆನಲ್ಲ ಎಂದು ಈಗಲೂ ಮೈ ಉರಿಯುತ್ತದೆ.

ಅತ್ತೆ ಕೌದಿಗಳನ್ನು ಒಂದೊಂದಾಗಿ ತೊಡೆಯ ಮೇಲೆ ಹಾಕಿಕೊಂಡು ನೋಡಿದಳು. ನಾಲ್ಕು ಕೌದಿಗಳಲ್ಲಿ ದಾರವನ್ನು ಹಲ್ಲಿನಿಂದ ಕಡಿದ ಗುರುತಿತ್ತು. ಒಂದರಲ್ಲಿ ಮಾತ್ರ ಮೂರು ಹೊಲಿಗೆ ಬಿಟ್ಟು ಒಂದರಂತೆ ನೀಟಾಗಿ ಕತ್ತರಿಸಿದ ಗುರುತು. ಆ ಮೂಲೆಯ ಮೇಲೆ ಅವಳ ತೋರುಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತಲೆ ಎತ್ತಿ ದೊಡ್ಡಕ್ಕನನ್ನು ನೋಡಿದಳು.

"ಆ ಹುಡುಗೀದು ತಪ್ಪಿಲ್ರೀ. ಬಿಚ್ಚಿ ತಿನ್ನಾಕ ನಾನೇ ಹೇಳಿದ್ದೆ. ನಮ್ಮ ಹಾವೇರಿ ಕಡೆ ಹಂಗ ಐತಿ. ಕೌದಿ ಹೊದಿಯೋರು ಮೊದಲು ತಿನ್ನಬೇಕು, ಆಮ್ಯಾಲೆ ಕೌದಿಗೆ ತಿನ್ನಿಸಬೇಕು. ನಾ ಮರತು ಮೊದಲೇ ಹೊಲಿದುಬಿಟ್ಟಿದ್ದೆ."

ದೊಡ್ಡಕ್ಕ ಅವಳನ್ನೇ ದಿಟ್ಟಿಸಿ ನೋಡಿ, "ಹಾಗೋ? ನಾಳೆ ಎಲ್ಲರ ಮುಂದೆ ಪದ್ಧತಿ ಪ್ರಕಾರಾನೇ ಆಗ್ಲಿ ಹಾಗಾದ್ರೆ" ಎಂದು ಹೊರಟುಹೋದರು. ಅತ್ತೆ ಉಳಿದ ಒಂಬತ್ತು ಕೌದಿಗಳ ಮೂಲೆಯನ್ನೂ ತಾನೇ ಬಿಚ್ಚಿದಳು. ಆ ಮಧ್ಯಾಹ್ನವೆಲ್ಲ ನಮ್ಮ ಮನೆಯ ಒಲೆ ಆರಲಿಲ್ಲ. ಅತ್ತೆ ರೊಟ್ಟಿ ತಟ್ಟಿದಳು, ಅಮ್ಮ ಬೇಯಿಸಿದಳು. ನನ್ನನ್ನು ಅತ್ತೆ ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮಾರನೆಯ ದಿನ ಹದಿನಾಲ್ಕು ಹುಡುಗಿಯರು ತಮ್ಮ ತಮ್ಮ ಕೌದಿಯ ಮುಂದೆ ಕೂತು ಒಂದೊಂದು ಇಡೀ ರೊಟ್ಟಿ, ಒಂದೊಂದು ಅಚ್ಚು ಬೆಲ್ಲ ತಿಂದರು. ಆಮೇಲೆ ಒಂದು ಚೂರನ್ನು ಮೂಲೆಯಲ್ಲಿಟ್ಟು ತಾವೇ ಹೊಲಿದರು. ಬಂದಿದ್ದ ಹಿರಿಯರು ಎಂಥ ಒಳ್ಳೆಯ ಪದ್ಧತಿ ಎಂದು ತಲೆದೂಗಿದರು. ಬಿಳಿಯಕ್ಕ ಅದನ್ನೂ ಬರೆದುಕೊಂಡಳು. ಊರಿಗೆ ಹೊರಡುವಾಗ ಅವಳ ಪೆಟ್ಟಿಗೆಯಲ್ಲಿ ಅತ್ತೆ ಬೇರೆಯಾಗಿ ಹೊಲಿದುಕೊಟ್ಟ, ಮಾವನ ಖಾಕಿ ಸೇರಿದ ಕೌದಿಯೊಂದು ಇತ್ತು. ಕೆಲವು ವರ್ಷಗಳ ನಂತರ ಭದ್ರಾವತಿಗೆ ಅವಳ ಕಾಗದ ಬಂತು. ನಮ್ಮ ಮನೆಯಲ್ಲಿಯೂ ಕೌದಿ ಹೊಲಿಯುತ್ತೇವೆ, ಹಾವೇರಿ ಪದ್ಧತಿಯಂತೆ ಮಕ್ಕಳಿಗೆ ಮೊದಲು ತಿನ್ನಿಸಿಯೇ ಮೂಲೆ ಮುಚ್ಚುತ್ತೇವೆ ಎಂದು ಬರೆದಿದ್ದಳು. ನಾನು ಓದಿ ಹೇಳಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ನನ್ನ ಮದುವೆಗೆ ಅವಳು ಕೊಟ್ಟದ್ದು ಕೌದಿಯೇ. ಬಿಡಿಸಿ ನೋಡಿದರೆ ನಾಲ್ಕನೆಯ ಮೂಲೆ ಹೊಲಿದಿರಲಿಲ್ಲ. ಒಳಗೆ ರೊಟ್ಟಿಯೂ ಇರಲಿಲ್ಲ. ಮರೆತಿದ್ದೀಯ ಅತ್ತೆ ಎಂದೆ.

"ಬಿಚ್ಚಾಕ ನಿನಗ ಚಲೋ ಬರ್ತೈತಿ" ಎಂದಳು, ಬಹಳ ಮೆಲ್ಲಗೆ. "ಹೊಲಿಯೋದು ನೀನೇ ಹೊಲ್ಕೋ. ಯಾವಾಗ ಮನಸು ಬಂದ್ರ ಆವಾಗ."

ಆಗಲೂ ನಾನು ಬಾಯಿ ಬಿಡಲಿಲ್ಲ. ಆ ಕೌದಿಯನ್ನು ಹೊದ್ದೆ, ಮಕ್ಕಳಿಗೆ ಹೊದಿಸಿದೆ, ಮೂಲೆ ಹಾಗೇ ಇತ್ತು. ಅತ್ತೆ ತೀರಿಕೊಂಡ ಸುದ್ದಿ ಬಂದಾಗ ಭದ್ರಾವತಿಗೆ ಹೋದೆ. ಚಾಪೆಯ ಮೇಲೆ ಮಲಗಿಸಿದ್ದರು. ಆ ತೋರುಬೆರಳನ್ನು ಹಿಡಿದುಕೊಂಡು, ಅತ್ತೆ ನಾನೇ ಬಿಚ್ಚಿದ್ದು ಎಂದೆ. ಕೇಳಬೇಕಾದವಳು ಕೇಳುವಂತಿರಲಿಲ್ಲ.

ಹದಿನೈದು ದಿನ ಬಿಟ್ಟು ಆಶ್ರಮಕ್ಕೆ ಹೋದೆ. ದೊಡ್ಡಕ್ಕನಿಗೆ ಆಗ ಕಣ್ಣು ಮಂಜಾಗಿತ್ತು, ಜಗಲಿಯಲ್ಲಿ ಕೂತಿದ್ದರು. ಅಕ್ಕತಂಗಿ ಇಬ್ಬರೂ ಅಲ್ಲೇ ಬೆಳೆದು ದೊಡ್ಡವರಾಗಿದ್ದರು. ಸಾವಿತ್ರಿ ಈಗ ಅಲ್ಲಿಯೇ ಹೊಲಿಗೆ ಕಲಿಸುತ್ತಾಳೆ ಎಂದರು. ಎಲ್ಲವನ್ನೂ ಹೇಳಿದೆ. ಮೊದಲ ಮೂಲೆ ನನ್ನದು, ಅತ್ತೆ ನನ್ನನ್ನೂ ಸಾವಿತ್ರಿಯನ್ನೂ ಉಳಿಸಲು ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದಳು ಎಂದೆ.

ದೊಡ್ಡಕ್ಕ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಂಗೊತ್ತಿತ್ತು ಕಣಮ್ಮ. ನಮ್ಮಜ್ಜಿ ಊರೂ ಹಾವೇರಿ ಹತ್ರಾನೇ. ವರ್ಷಕ್ಕೆ ಎರಡು ಕೌದಿ ಹೊಲಿಯೋರು, ನಾನೇ ಕಲೀಲಿಲ್ಲ. ಹೊದಿಯೋರು ಮೊದಲು ತಿನ್ನೋ ಪದ್ಧತಿ ಅಲ್ಲಿ ಯಾವ ಮನೇಲೂ ಇರ್ಲಿಲ್ಲ."

ಹಾಗಾದರೆ ಯಾಕೆ ಒಪ್ಪಿಕೊಂಡಿರಿ ಎಂದು ಕೇಳಿದೆ.

"ಕಾಗದ ಬರೀತೀನಿ ಅಂತ ಬಾಯಿ ಜಾರಿಬಿಟ್ಟಿತ್ತು. ಆ ಪುಟ್ಟದು ಲಂಗ ಹಿಡ್ಕೊಂಡಿದ್ದು ನೋಡಿದ ಮೇಲೆ ಕೈ ಓಡ್ಲಿಲ್ಲ. ಯಾರಾದ್ರೂ ಏನಾದ್ರೂ ಹೇಳ್ಲಿ ಅಂತ ಕಾಯ್ತಾ ಇದ್ದೆ."

ಎಳೆದು ನೋಡಲು ದಾರದ ತುದಿ ಅವರ ಕೈಯಲ್ಲೇ ಇತ್ತು. ಅವರು ಎಳೆಯಲಿಲ್ಲ.

ಮನೆಗೆ ಬಂದು ರೊಟ್ಟಿ ತಟ್ಟಿದೆ. ಅತ್ತೆಯ ರೊಟ್ಟಿಯಷ್ಟು ತೆಳ್ಳಗೆ ಬರಲಿಲ್ಲ. ಬೆಲ್ಲದ ಜೊತೆ ಒಂದು ಇಡೀ ರೊಟ್ಟಿ ತಿಂದೆ, ಹಾವೇರಿಯಲ್ಲಿ ಇಲ್ಲದ ಆ ಪದ್ಧತಿಯ ಪ್ರಕಾರ. ಆಮೇಲೆ ಒಂದು ಚೂರನ್ನು ಅತ್ತೆ ಕೊಟ್ಟ ಕೌದಿಯ ಮೂಲೆಯಲ್ಲಿಟ್ಟು, ದಾರದ ತುದಿಗೆ ಗಟ್ಟಿಯಾಗಿ ಗಂಟು ಹಾಕಿ, ಹೊಲಿದೆ.